ಒಂದೇ ಒಂದು ಮರಿ ಉಳಿದಿದೆ, ನನ್ನನ್ನೇ ಅಮ್ಮ ಅಂದುಕೊಂಡಿದೆ. ಮುಂದೇನು ಮಾಡಲಿ?

ಮೊದಲಮರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ, ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಹೇಟೆ ಕೋಳಿ ಏಳು ಮೊಟ್ಟೆಗೆ ಕಾವು ಕೂತಿತ್ತು. ಹದಿನೈದನೇ ದಿನ ಗೂಡು ಬಿಟ್ಟು ಎದ್ದದ್ದು ಮತ್ತೆ ಕೂರಲೇ ಇಲ್ಲ. ಎತ್ತಿ ಕೂರಿಸಿದರೂ ಎದ್ದು ಹೋಗುತ್ತಿತ್ತು. ಮೊಟ್ಟೆಗಳು ತಣ್ಣಗಾಗುತ್ತಿದ್ದವು, ಬೇರೆ ದಾರಿ ಕಾಣದೆ ಚಿಕ್ಕ ಇನ್‌ಕ್ಯುಬೇಟರ್‌ಗೆ ಹಾಕಿದೆ. ಇಪ್ಪತ್ತೊಂದನೇ ದಿನ ಒಂದೇ ಒಂದು ಮರಿ ಹೊರಬಂತು. ಉಳಿದ ಆರು ಒಡೆಯಲಿಲ್ಲ. ಒಡೆಯುವ ಹಿಂದಿನ ದಿನವೇ ಅದು ಒಳಗಿನಿಂದ ಚಿಂವ್ ಚಿಂವ್ ಅನ್ನುತ್ತಿತ್ತು, ನಾನು ಹತ್ತಿರ ಹೋಗಿ ಮಾತಾಡಿದರೆ ಸದ್ದು ಜಾಸ್ತಿ ಆಗುತ್ತಿತ್ತು.

ಇವತ್ತಿಗೆ ಎರಡು ದಿನ ತುಂಬಿದೆ. ಹೊರಗೆ ಬಿಟ್ಟರೆ ನನ್ನ ಪಾದದ ಹಿಂದೆಯೇ ಓಡುತ್ತದೆ. ನಾನು ನಿಂತರೆ ನಿಲ್ಲುತ್ತದೆ, ಕೂತರೆ ಬಂದು ಅಂಗೈ ಕೆಳಗೆ ನುಗ್ಗಿ ಕಣ್ಣು ಮುಚ್ಚುತ್ತದೆ. ಕೋಣೆ ಬಿಟ್ಟು ಹೊರಟರೆ ಎದೆ ಒಡೆಯುವ ಹಾಗೆ ಕೂಗುತ್ತದೆ. ರಾತ್ರಿ ಬುಟ್ಟಿಯ ಪಕ್ಕದಲ್ಲೇ ಮಲಗಿದ್ದೇನೆ, ಆ ಕೂಗು ಕೇಳಿಕೊಂಡು ಮಲಗಲು ಆಗುವುದಿಲ್ಲ.

ನೆಲದಲ್ಲಿ ಕಂಡದ್ದನ್ನೆಲ್ಲ ಕುಕ್ಕುತ್ತದೆ, ಯಾರೂ ಹೇಳಿಕೊಟ್ಟಿಲ್ಲ. ಆದರೆ ನೀರಿನ ತಟ್ಟೆಯಲ್ಲಿ ಕಾಲಿಟ್ಟು ನಿಂತಿದ್ದರೂ ನೀರು ಕುಡಿಯುವುದಿಲ್ಲ! ಕುಕ್ಕುವುದು ಹುಟ್ಟುತ್ತಲೇ ಬಂತು, ಕುಡಿಯುವುದು ಯಾಕೆ ಬರಲಿಲ್ಲ?

ಇನ್ನೊಂದು ಮಾತು. ಗೊತ್ತಿರುವವರೊಬ್ಬರು ‘ಮೂವತ್ತಾರು ಗಂಟೆ ದಾಟಿತು, ಇನ್ನು ಏನೂ ಮಾಡಲಾಗದು, ಅದು ಸಾಯುವ ತನಕ ತನ್ನನ್ನು ಮನುಷ್ಯ ಅಂತಲೇ ತಿಳಿದಿರುತ್ತದೆ’ ಅಂದರು. ಅದು ನಿಜವೇ? ನಾನು ಎತ್ತಿಕೊಂಡು ಮುದ್ದು ಮಾಡಿದ್ದೇ ತಪ್ಪಾಯಿತೇ?

ಕೋಳಿಗೂಡು:

ಮೊದಲು ನೀರು. ಉಳಿದದ್ದನ್ನೆಲ್ಲ ಆಮೇಲೆ ಓದಿ.

ಮರಿಯನ್ನು ಮೆಲ್ಲಗೆ ಹಿಡಿದು ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ಅದ್ದಿ. ಮೂಗಿನ ತೂತಿಗೆ ನೀರು ಹೋಗಬಾರದು. ಒಂದು ಸಲ ಕೊಕ್ಕು ಒದ್ದೆ ಆದರೆ ತಾನಾಗಿ ತಲೆ ಮೇಲೆತ್ತಿ ನುಂಗುತ್ತದೆ. ಎರಡು ಮೂರು ಸಲ ಮಾಡಿದರೆ ಸಾಕು, ಆಮೇಲೆ ಅದೇ ಹುಡುಕಿಕೊಂಡು ಹೋಗುತ್ತದೆ. ತಟ್ಟೆ ಆಳ ಇರಬಾರದು, ಒಳಗೆ ನಾಲ್ಕಾರು ಬೆಣಚು ಕಲ್ಲು ಹಾಕಿ. ಹೊಳೆಯುವ ಕಲ್ಲು ಕುಕ್ಕಲು ಹೋಗಿ ನೀರು ಮುಟ್ಟುತ್ತದೆ, ಬಿದ್ದು ಮುಳುಗುವ ಭಯವೂ ಇಲ್ಲ.

ಎರಡು ದಿನ ಕುಡಿಯದೆ ಹೇಗೆ ಇದೆ ಅಂದರೆ, ಮೊಟ್ಟೆ ಒಡೆಯುವ ಸ್ವಲ್ಪ ಮುಂಚೆ ಒಳಗಿನ ಹಳದಿ ಭಾಗವನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದು ಎರಡು ಮೂರು ದಿನದ ಬುತ್ತಿ. ಬೇರೆ ಮೊಟ್ಟೆ ಒಡೆಯುವ ತನಕ ತಾಯಿ ಗೂಡು ಬಿಟ್ಟು ಏಳುವುದಿಲ್ಲ ಅಲ್ವಾ, ಅಲ್ಲಿಯವರೆಗೆ ಮೊದಲು ಬಂದ ಮರಿ ಬದುಕಬೇಕಲ್ಲ. ನಿಮ್ಮದಕ್ಕೆ ಆ ಬುತ್ತಿ ಮುಗಿಯುತ್ತಾ ಬಂದಿದೆ. ಇವತ್ತೇ ಕುಡಿಸಿ.

ಎರಡನೆಯದು ಬಿಸಿ. ಮೊದಲ ವಾರ ಮರಿ ಇರುವ ಕಡೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಬಲ್ಬನ್ನು ಬುಟ್ಟಿಯ ಒಂದು ಕಡೆಗೆ ಮಾತ್ರ ಇಡಿ. ಬೇಕಾದಾಗ ಹತ್ತಿರ, ಸೆಕೆ ಆದಾಗ ದೂರ ಹೋಗಲು ಜಾಗ ಇರಬೇಕು. ಅಂಗೈ ಕೆಳಗೆ ನುಗ್ಗುವುದು ಅರ್ಧ ಪ್ರೀತಿ, ಅರ್ಧ ಚಳಿ. ಬಿಸಿ ಸರಿಹೋದರೆ ಕೂಗೂ ಅರ್ಧ ಕಡಿಮೆ ಆಗುತ್ತದೆ, ನೋಡಿ.

ಮೂರನೆಯದು ಜೊತೆ. ಒಂಟಿ ಮರಿ ಒಂಟಿಯಾಗಿ ಬೆಳೆಯಬಾರದು. ಹೆಚ್ಚುಕಡಿಮೆ ಇದೇ ವಯಸ್ಸಿನ ಒಂದೆರಡು ಮರಿ ಎಲ್ಲಾದರೂ ಸಿಕ್ಕರೆ ಇವತ್ತೇ ತನ್ನಿ. ಸಿಗುವ ತನಕ ಬುಟ್ಟಿಯಲ್ಲಿ ಒಂದು ಕನ್ನಡಿ ಇಡಿ, ಪಕ್ಕದಲ್ಲಿ ಇನ್ನೊಂದು ಮರಿ ಇದೆ ಅಂತ ಅದಕ್ಕೆ ಸ್ವಲ್ಪ ಸಮಾಧಾನ. ಕಾವು ಕೂತ ಬೇರೆ ಹೇಟೆ ಯಾರದಾದರೂ ಇದ್ದರೆ ಕತ್ತಲಾದ ಮೇಲೆ ಸದ್ದಿಲ್ಲದೆ ಅದರ ರೆಕ್ಕೆ ಕೆಳಗೆ ಬಿಡಿ. ಬೆಳಿಗ್ಗೆ ಎದ್ದು ತನ್ನದೇ ಅಂತ ನೋಡಿಕೊಳ್ಳುವುದು ಬಹಳ ಸಲ ಆಗುತ್ತದೆ. ಆದರೆ ಬೆಳಿಗ್ಗೆ ನೀವು ಪಕ್ಕದಲ್ಲೇ ಇದ್ದು ನೋಡಬೇಕು. ಹೇಟೆ ಕುಕ್ಕಲು ಶುರು ಮಾಡಿದರೆ ತಕ್ಷಣ ಮರಿಯನ್ನು ಎತ್ತಿಕೊಳ್ಳಿ. ನಾಲ್ಕೈದು ದಿನ ದಾಟಿದರೆ ಇದು ಕಷ್ಟ. ಹೇಟೆ ಒಪ್ಪಿದರೂ ಮರಿಯೇ ಅದನ್ನು ಕಂಡು ಓಡುತ್ತದೆ.

ಹಕ್ಕಿನೋಟ:

ಪ್ರಾಣಿಗಳ ನಡವಳಿಕೆ ನನ್ನ ಓದಿನ ವಿಷಯ. ಮೇಲೆ ಹೇಳಿದ ನೀರು, ಬಿಸಿ, ಜೊತೆ ಮೂರೂ ಸರಿ, ಮೊದಲು ಅದನ್ನು ಮಾಡಿ. ಆ ಮೂವತ್ತಾರು ಗಂಟೆಯ ಮಾತಿಗೆ ಮಾತ್ರ ನಾನು ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಅದು ನಿಮ್ಮನ್ನು ಸುಮ್ನೆ ಹೆದರಿಸಿದೆ.

ಮರಿ ಹೀಗೆ ಮೊದಲು ಕಂಡವರಿಗೆ ಅಂಟಿಕೊಂಡು ಹಿಂದೆ ಓಡುವುದಕ್ಕೆ ಇಂಪ್ರಿಂಟಿಂಗ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಅಚ್ಚೊತ್ತುವುದು. ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ಬರೆದವರಲ್ಲಿ ಮೊದಲಿಗರು ಡಗ್ಲಸ್ ಸ್ಪಾಲ್ಡಿಂಗ್, 1873ರಲ್ಲಿ. ಅವರು ಮರಿ ಹೊರಬರುತ್ತಿದ್ದ ಹಾಗೇ, ಅದು ಏನನ್ನೂ ನೋಡುವ ಮೊದಲೇ, ತಲೆಗೆ ಚಿಕ್ಕ ಮುಸುಕು ಹಾಕಿಬಿಡುತ್ತಿದ್ದರು. ಒಂದೆರಡು ದಿನದ ಮೇಲೆ ಮುಸುಕು ತೆಗೆದಾಗ ಮರಿಗಳು ಅವರ ಹಿಂದೆಯೇ ಓಡಿದವು. ಹತ್ತಿರಹತ್ತಿರ ನಾಲ್ಕು ದಿನ ಮುಸುಕಿನಲ್ಲಿದ್ದ ಮೂರು ಮರಿಗಳು ಮಾತ್ರ ಅವರನ್ನು ಕಂಡು ಹೆದರಿ ಓಡಿಹೋದವು. ಹಿಂದಿನ ದಿನ ತೆಗೆದಿದ್ದರೆ ನನ್ನ ಕಡೆಗೇ ಓಡಿಬರುತ್ತಿದ್ದವು ಅಂತ ಅವರೇ ಬರೆದರು. ಆ ಮರಿಗಳು ಒಳಗಿನಿಂದ ಅದೇ ಮರಿಗಳು, ಒಂದು ದಿನದಲ್ಲಿ ಎಷ್ಟು ವ್ಯತ್ಯಾಸ! ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಆಮೇಲೆ 1935ರಲ್ಲಿ ಕೊನ್ರಾಡ್ ಲೊರೆಂಟ್ಸ್ ಇದನ್ನು ವಿಸ್ತಾರವಾಗಿ ಬರೆದು ಪ್ರಸಿದ್ಧಿಗೆ ತಂದರು, 1973ರಲ್ಲಿ ಅವರಿಗೆ ನೊಬೆಲ್ ಬಂತು. ಗಂಟೆಗಳ ಲೆಕ್ಕ ಜನರ ಬಾಯಿಗೆ ಬಂದದ್ದು ಎಕಾರ್ಡ್ ಹೆಸ್ ಅವರ ಪ್ರಯೋಗಗಳಿಂದ. ಅವರು ಬಾತುಕೋಳಿ ಮರಿಗಳನ್ನು ಒಂದು ಗೊಂಬೆ ಬಾತುವಿನ ಹಿಂದೆ ಓಡಿಸಿದರು. ಹುಟ್ಟಿದ 13ರಿಂದ 16 ಗಂಟೆಯ ಒಳಗೆ ಅಚ್ಚು ಎಲ್ಲಕ್ಕಿಂತ ಗಟ್ಟಿಯಾಗಿ ಬೀಳುತ್ತದೆ ಅಂತ ಕಂಡರು.

ಆದರೆ ಈ ಅವಧಿ ಗಡಿಯಾರ ನೋಡಿಕೊಂಡು ಮುಚ್ಚುವ ಬಾಗಿಲಲ್ಲ. ಮರಿ ಏನನ್ನು ನೋಡಿದೆ ಅನ್ನುವುದರ ಮೇಲೆ ಅದು ನಿಂತಿದೆ. ಒಂದನ್ನು ಚೆನ್ನಾಗಿ ಪರಿಚಯ ಮಾಡಿಕೊಂಡ ಮೇಲೆ ಹೊಸದು ಹೊಸದಾಗಿ ಕಾಣುತ್ತದೆ, ಹೆದರಿಕೆ ಬರುತ್ತದೆ, ಹಾಗಾಗಿ ಬಾಗಿಲು ಮುಚ್ಚಿದಂತೆ ಆಗುತ್ತದೆ. ಕತ್ತಲಲ್ಲಿ ಏನೂ ಕಾಣದೆ ಇದ್ದ ಮರಿಗೆ ಅದು ಇನ್ನಷ್ಟು ಹೊತ್ತು ತೆರೆದೇ ಇರುತ್ತದೆ, ಯಾವಾಗಲೂ ಅಲ್ಲದಿದ್ದರೂ. ಇನ್ನೂ ಒಂದು ವಿಷಯ. ಒಂದಕ್ಕೆ ಅಂಟಿಕೊಂಡ ಮರಿಯನ್ನು ಇನ್ನೊಂದರ ಜೊತೆ ಕೆಲವು ದಿನ ಬಿಟ್ಟರೆ ಒಲವು ಆ ಕಡೆಗೆ ವಾಲುತ್ತದೆ. ಮೊದಲನೆಯದನ್ನು ಮರೆಯುವುದಿಲ್ಲ, ಆದರೆ ಅದೊಂದೇ ಲೋಕ ಅಂತಲೂ ಉಳಿಯುವುದಿಲ್ಲ.

ಈಗ ನಿಮ್ಮ ಮಾತಿನ ಹಿಂದೆ ಇರುವ ಮುಖ್ಯ ಪ್ರಶ್ನೆ, ಹೀಗೆ ಹಿಂದೆ ಓಡುವುದು ಹುಟ್ಟುಗುಣವೋ ಕಲಿತದ್ದೋ. ಎರಡೂ ಇದೆ, ಎರಡೂ ಬೇರೆ ಬೇರೆ ಕೆಲಸ ಮಾಡುತ್ತಿವೆ. ಹಿಂದೆ ಹೋಗು ಅನ್ನುವ ಒತ್ತಡ ಹುಟ್ಟಿನಿಂದ ಬಂದದ್ದು. ಯಾರ ಹಿಂದೆ ಅನ್ನುವುದು ಕಲಿತದ್ದು. ಆ ಕಲಿಕೆಯೂ ಬರಿಯ ಖಾಲಿ ಹಲಗೆಯ ಮೇಲೆ ಬರೆದಂತಲ್ಲ. ಕೇಂಬ್ರಿಜ್‌ನಲ್ಲಿ ಗೇಬ್ರಿಯಲ್ ಹಾರ್ನ್ ಮತ್ತು ಅವರ ಜೊತೆಯವರು ಕತ್ತಲಲ್ಲಿ ಬೆಳೆದ ಮರಿಗಳ ಮುಂದೆ ಒಂದು ಕಡೆ ಕೆಂಪು ಪೆಟ್ಟಿಗೆ, ಇನ್ನೊಂದು ಕಡೆ ಚರ್ಮದೊಳಗೆ ತುಂಬಿ, ಜೀವ ಇದ್ದಂತೆ ನಿಲ್ಲಿಸಿದ ಸತ್ತ ಕಾಡುಕೋಳಿ ಇಟ್ಟು ನೋಡಿದರು. ಸ್ವಲ್ಪ ಓಡಾಡಿದ ಮೇಲೆ ಮರಿಗಳು ಕೋಳಿಯ ಕಡೆಗೇ ಜಾಸ್ತಿ ವಾಲಿದವು. ಅವು ಅದುವರೆಗೆ ಕೋಳಿಯನ್ನು ನೋಡಿಯೇ ಇರಲಿಲ್ಲ! ಮೈಯನ್ನೆಲ್ಲ ಚೂರು ಚೂರು ಮಾಡಿ ಅಡ್ಡಾದಿಡ್ಡಿ ಜೋಡಿಸಿದರೂ ತಲೆ ಮತ್ತು ಕತ್ತು ಸರಿಯಾಗಿ ಕಂಡರೆ ಅಷ್ಟೇ ಸಾಕಾಗುತ್ತಿತ್ತು. ಮಿದುಳಿನ ಮುಂಭಾಗದಲ್ಲಿ ಈ ಅಚ್ಚು ಉಳಿಯುವ ಒಂದು ಚಿಕ್ಕ ಜಾಗವನ್ನೂ ಅವರು ಗುರುತಿಸಿದರು. ಅದಕ್ಕೆ ಪೆಟ್ಟಾದ ಮರಿ ತಾನು ನೋಡಿದ ಪೆಟ್ಟಿಗೆಯನ್ನು ಗುರುತು ಹಿಡಿಯುವುದಿಲ್ಲ, ಆದರೆ ಕೋಳಿಯ ತಲೆಯ ಕಡೆ ಇರುವ ಆ ಹುಟ್ಟು ಒಲವು ಹಾಗೇ ಉಳಿಯುತ್ತದೆ. ಅಂದರೆ ಒಲವು ಬೇರೆ, ನೆನಪು ಬೇರೆ.

2005ರಲ್ಲಿ ಇಟಲಿಯಲ್ಲಿ ವಲ್ಲೋರ್ಟಿಗಾರ ಮತ್ತು ಜೊತೆಯವರು ಇನ್ನೂ ಒಂದು ಚೆಂದದ ಪ್ರಯೋಗ ಮಾಡಿದರು. ಕೋಳಿ ನಡೆಯುವಾಗ ಅದರ ಕೀಲುಗಳು ಹೇಗೆ ಅಲುಗುತ್ತವೋ ಹಾಗೆ ಅಲುಗುವ ಕೆಲವು ಬೆಳಕಿನ ಚುಕ್ಕಿಗಳು, ಅಷ್ಟೇ. ಬೇರೇನೂ ನೋಡಿಲ್ಲದ ಮರಿಗಳು ಸುಮ್ಮನೆ ಚೆಲ್ಲಾಪಿಲ್ಲಿ ಅಲುಗುವ ಚುಕ್ಕಿಗಳನ್ನು ಬಿಟ್ಟು ನಡೆಯುವ ಚುಕ್ಕಿಗಳ ಹತ್ತಿರ ಹೋದವು. ಚುಕ್ಕಿಗಳು ಬೆಕ್ಕಿನ ನಡಿಗೆಯದ್ದಾದರೂ ಸರಿ, ಜೀವ ಇರುವುದು ನಡೆದಂತೆ ಇರಬೇಕು.

ಹಾಗಾಗಿ ನೀವು ಮುದ್ದು ಮಾಡಿದ್ದು ತಪ್ಪಲ್ಲ. ಅಲುಗುವ, ಬೆಚ್ಚಗಿರುವ, ಸದ್ದು ಮಾಡುವ ಜೀವ ಅದಕ್ಕೆ ಬೇಕಿತ್ತು, ಅಲ್ಲಿ ನೀವಿದ್ದಿರಿ. ಕೋಳಿಯ ತಲೆ ಕಂಡರೆ ಸೆಳೆಯುವ ಆ ಎಳೆ ಅದರೊಳಗೆ ಈಗಲೂ ಇದೆ. ಜೊತೆಗೆ ಮರಿಗಳನ್ನು ತಂದು ಬಿಡಿ.

ಮಣ್ಣುಕೆದರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ಮರಿ ಆದಾಗ ಹಿಂದೆ ಓಡುವುದು ಒಂದು, ದೊಡ್ಡದಾದ ಮೇಲೆ ಯಾರನ್ನು ಜೋಡಿ ಅಂತ ನೋಡುತ್ತದೆ ಅನ್ನುವುದು ಇನ್ನೊಂದು. ಎರಡನೆಯದು ನಿಧಾನವಾಗಿ, ವಾರಗಟ್ಟಲೆ ಜೊತೆಯಲ್ಲಿದ್ದವರನ್ನು ನೋಡಿ ಗಟ್ಟಿಯಾಗುತ್ತದೆ. ನಾನು ಒಂದು ಹುಂಜವನ್ನು ಮರಿಯಿಂದ ಒಂಟಿಯಾಗಿ, ಕೈಯಲ್ಲೇ ಇಟ್ಟುಕೊಂಡು ಬೆಳೆಸಿದ್ದೆ. ಐದಾರು ತಿಂಗಳಿಗೆ ಅದು ಬೇರೆ ಕೋಳಿಗಳ ಹತ್ತಿರ ಹೋಗುತ್ತಿರಲಿಲ್ಲ. ನನ್ನ ಕೈಗೆ ರೆಕ್ಕೆ ಇಳಿಸಿ ಸುತ್ತು ಹಾಕುತ್ತಿತ್ತು, ಮನೆಗೆ ಬೇರೆ ಯಾರೇ ಬಂದರೂ ಹಾರಿ ಹೊಡೆಯುತ್ತಿತ್ತು. ಮನುಷ್ಯರ ಹೆದರಿಕೆಯೇ ಇರಲಿಲ್ಲ ಅದಕ್ಕೆ. ಒಂದು ಮಗುವಿನ ಕೆನ್ನೆಗೆ ಗಾಯ ಮಾಡಿದ ಮೇಲೆ ಅದನ್ನು ಬೇರೆಯೇ ಇಡಬೇಕಾಯಿತು. ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ, ತಪ್ಪು ಅದರದ್ದಲ್ಲ.

ದೊಡ್ಡ ಹಕ್ಕಿಗಳಲ್ಲಿ ಇದು ಇನ್ನೂ ಗಟ್ಟಿ. ಅಳಿವಿನ ಅಂಚಿನಲ್ಲಿದ್ದ ವೂಪಿಂಗ್ ಕ್ರೇನ್ ಜಾತಿಯ ಟೆಕ್ಸ್ ಎಂಬ ಹೆಣ್ಣು ಕೊಕ್ಕರೆ ಮನುಷ್ಯರ ಕೈಯಲ್ಲೇ ಬೆಳೆದು ಗಂಡು ಕೊಕ್ಕರೆಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಜಾರ್ಜ್ ಆರ್ಕಿಬಾಲ್ಡ್ ಎಂಬ ವಿಜ್ಞಾನಿ ತಾವೇ ಅದರ ಜೊತೆ ಕೊಕ್ಕರೆಗಳ ಹಾಗೆ ಕುಣಿದು, ವರ್ಷಗಟ್ಟಲೆ ಅದರ ಪಕ್ಕದಲ್ಲಿದ್ದು, ಕೃತಕ ಗರ್ಭಧಾರಣೆಯಿಂದ ಕೊನೆಗೆ 1982ರಲ್ಲಿ ಒಂದು ಮರಿ ಆಯಿತು. ಈಗ ಕಾಡಿಗೆ ಬಿಡುವ ಕೊಕ್ಕರೆ ಮರಿಗಳನ್ನು ಸಾಕುವವರು ಮೈಪೂರ್ತಿ ಬಿಳಿ ಬಟ್ಟೆ ಹೊದ್ದು, ಕೈಯಲ್ಲಿ ಕೊಕ್ಕರೆ ತಲೆಯ ಗೊಂಬೆ ಹಿಡಿದು ಆಹಾರ ಕೊಡುತ್ತಾರೆ, ಮಾತೂ ಆಡುವುದಿಲ್ಲ.

ನಿಮ್ಮ ಮರಿ ಹೆಣ್ಣಾದರೆ ಇಷ್ಟು ತೊಂದರೆ ಆಗಲಿಕ್ಕಿಲ್ಲ. ಗಂಡಾದರೆ ಒಂಟಿಯಾಗಿ ಬೆಳೆಸುವುದು ಬೇಡವೇ ಬೇಡ. ಜೊತೆ ತನ್ನಿ ಅನ್ನುವುದಕ್ಕೆ ನನ್ನ ಮತವೂ ಇದೆ, ಆದಷ್ಟು ಬೇಗ ತನ್ನಿ.

ಮೊದಲಮರಿ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನೀರು ಕುಡಿಯಿತು! ಕೊಕ್ಕು ಅದ್ದಿದ ತಕ್ಷಣ ತಲೆ ಎತ್ತಿ, ಕಣ್ಣು ಮುಚ್ಚಿ ನುಂಗಿತು. ಎರಡನೇ ಸಲ ನಾನು ಹಿಡಿಯುವ ಮೊದಲೇ ತಾನೇ ಹೋಯಿತು. ಬಲ್ಬ್ ಹಾಕಿದ ಮೇಲೆ ಕೂಗೂ ಕಡಿಮೆ ಆಗಿದೆ. ಪರಿಚಯದವರೊಬ್ಬರ ಹತ್ತಿರ ಮೂರು ದಿನದ ಮರಿಗಳಿವೆ, ನಾಳೆ ಎರಡು ತರುತ್ತೇನೆ.

ಇನ್ನೊಂದು ಪ್ರಶ್ನೆ. ಇದು ನನ್ನ ಕಾಲುಗುರು ಕುಕ್ಕುತ್ತದೆ, ಬಟ್ಟೆಯ ಮೇಲಿನ ಚುಕ್ಕಿ ಕುಕ್ಕುತ್ತದೆ, ತನ್ನ ಹಿಕ್ಕೆಯನ್ನೂ ಕುಕ್ಕುತ್ತದೆ. ನುಚ್ಚು ಪಕ್ಕದಲ್ಲೇ ಇದೆ. ಯಾವುದು ತಿನ್ನುವುದು ಅಂತ ಇದಕ್ಕೆ ಯಾವಾಗ ಗೊತ್ತಾಗುತ್ತದೆ? ಅಮ್ಮ ಇದ್ದಿದ್ದರೆ ಏನು ಮಾಡುತ್ತಿತ್ತು?

ಹಕ್ಕಿನೋಟ:

ನೀರು ಕುಡಿಯಿತು ಅಂತ ಓದಿ ಬಹಳ ಖುಷಿ ಆಯಿತು. ನಿಮ್ಮ ಪ್ರಶ್ನೆಯೇ ನೀರಿನ ಒಗಟಿಗೂ ಉತ್ತರ. ಕುಕ್ಕುವುದು ಬರುತ್ತದೆ, ನುಂಗುವುದು ಬರುತ್ತದೆ, ತಲೆ ಎತ್ತುವುದೂ ಬರುತ್ತದೆ. ಆದರೆ ನಿಂತ ನೀರು ನೋಡಿದರೆ ಇದು ನೀರು ಅಂತ ಗೊತ್ತಾಗುವುದಿಲ್ಲ. ಕಾಳಿನ ವಿಷಯದಲ್ಲೂ ಅದೇ. ಚಿಕ್ಕದಾಗಿ, ದುಂಡಗೆ, ಹಿನ್ನೆಲೆಯಿಂದ ಎದ್ದು ಕಾಣುವುದನ್ನು ಕುಕ್ಕು, ಇಷ್ಟೇ ಅದರ ಬಂಡವಾಳ. ಮೊದಲ ಎರಡು ಮೂರು ದಿನ ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುವುದರಿಂದ ಮರಳು ತಿಂದರೂ ಕಾಳು ತಿಂದರೂ ಅದಕ್ಕೆ ಒಂದೇ. ಆಮೇಲೆ ಯಾವುದು ತಿಂದರೆ ಹೊಟ್ಟೆ ತುಂಬುತ್ತದೆ ಅಂತ ಹೊಟ್ಟೆಯೇ ಪಾಠ ಹೇಳುತ್ತದೆ, ಮೂರನೇ ದಿನದಿಂದ ವ್ಯತ್ಯಾಸ ಕಾಣುತ್ತದೆ.

ಬೇಡದ್ದನ್ನು ಮಾತ್ರ ತುಂಬಾ ಬೇಗ ಕಲಿಯುತ್ತದೆ. ಒಂದು ದಿನದ ಮರಿಗೆ ಕಹಿ ಸವರಿದ ಹೊಳೆಯುವ ಮಣಿ ತೋರಿಸಿದರೆ ಒಂದು ಸಲ ಕುಕ್ಕುತ್ತದೆ, ತಲೆ ಕೊಡವುತ್ತದೆ, ಕೊಕ್ಕನ್ನು ನೆಲಕ್ಕೆ ಉಜ್ಜುತ್ತದೆ. ಮಾರನೇ ದಿನ ಅದೇ ಮಣಿ ಕಂಡರೆ ಹಿಂದೆ ಸರಿಯುತ್ತದೆ. ಒಂದೇ ಸಲದ ಪಾಠ! ನೆನಪು ಮಿದುಳಿನಲ್ಲಿ ಹೇಗೆ ಕೂರುತ್ತದೆ ಅಂತ ತಿಳಿಯಲು ಸ್ಟೀವನ್ ರೋಸ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಬಳಸಿದರು.

ಗುರಿಯ ವಿಷಯ ಇನ್ನೊಂದು ಥರ. 1956ರಲ್ಲಿ ಹೆಸ್ ಅವರೇ ಮರಿಗಳಿಗೆ ಚಿಕ್ಕ ಕನ್ನಡಕ ಹಾಕಿದರು, ಎಲ್ಲವೂ ಸ್ವಲ್ಪ ಪಕ್ಕಕ್ಕೆ ಕಾಣುವ ಗಾಜು. ಮರಿಗಳು ಪಕ್ಕಕ್ಕೇ ಕುಕ್ಕಿದವು. ಮೂರು ನಾಲ್ಕು ದಿನ ಕಳೆದರೂ ತಪ್ಪನ್ನು ತಿದ್ದಿಕೊಳ್ಳಲಿಲ್ಲ. ಆದರೆ ಮೊದಲು ಚದುರಿ ಬೀಳುತ್ತಿದ್ದ ಏಟುಗಳು ಆಮೇಲೆ ಒಂದೇ ಕಡೆ, ಒತ್ತೊತ್ತಾಗಿ ಬಿದ್ದವು, ಅದೇ ತಪ್ಪು ಜಾಗದಲ್ಲಿ. ಕೈ ಪಳಗಿತು, ಗುರಿ ಮಾತ್ರ ಹುಟ್ಟಿದಾಗ ಇದ್ದ ಹಾಗೇ ಉಳಿಯಿತು.

ಇನ್ನು ಅಮ್ಮ. ಹೇಟೆ ಕಾಳು ಕಂಡರೆ ತಾನು ಒಂದೇ ಸಮನೆ ಕೊಕ್ ಕೊಕ್ ಅನ್ನುತ್ತಾ ಅದನ್ನು ಎತ್ತಿ ಎತ್ತಿ ಬೀಳಿಸುತ್ತದೆ, ಮರಿಗಳು ಓಡಿ ಬಂದು ಅದನ್ನೇ ಕುಕ್ಕುತ್ತವೆ. ಇದು ಸುಮ್ಮನೆ ಅಭ್ಯಾಸದ ಸದ್ದಲ್ಲ. 1996ರಲ್ಲಿ ಕ್ರಿಸ್ಟೀನ್ ನಿಕಲ್ ಮತ್ತು ಸ್ಟುವರ್ಟ್ ಪೋಪ್ ಒಂದು ಬಣ್ಣದ ಆಹಾರ ರುಚಿ ಇಲ್ಲ ಅಂತ ಹೇಟೆಗೆ ಮೊದಲೇ ಗೊತ್ತಾಗುವಂತೆ ಮಾಡಿದರು. ಆಮೇಲೆ ಮರಿಗಳು ಅದೇ ಬಣ್ಣದ್ದನ್ನು ತಿನ್ನುತ್ತಿರುವುದು ಕಂಡಾಗ ಹೇಟೆ ಒಳ್ಳೆಯ ಆಹಾರವನ್ನು ಇನ್ನೂ ಜೋರಾಗಿ ಕುಕ್ಕಿ, ಕೆದರಿ ತೋರಿಸಿತು. ಮರಿ ತಪ್ಪುತ್ತಿದೆ ಅಂತ ತಾಯಿ ತನ್ನ ರೀತಿ ಬದಲಿಸಿತು ಅಲ್ವಾ!

ಆ ಕೆಲಸ ಈಗ ನಿಮ್ಮದು. ನುಚ್ಚನ್ನು ಒಂದು ಬಟ್ಟೆಯ ಮೇಲೆ ಚೆಲ್ಲಿ, ಬೆರಳಿನ ತುದಿಯಿಂದ ಟಕ್ ಟಕ್ ಅಂತ ತಟ್ಟಿ. ನಿಮ್ಮ ಬೆರಳು ಎಲ್ಲಿ ಬೀಳುತ್ತದೋ ಅಲ್ಲೇ ಕುಕ್ಕುತ್ತದೆ. ನಾಳೆ ಬರುವ ಮರಿಗಳಿಗೆ ತಿನ್ನುವುದು ಬರುವುದರಿಂದ ಅವನ್ನು ನೋಡಿಯೂ ಕಲಿಯುತ್ತದೆ.

ಕೋಳಿಗೂಡು:

ಹಿಕ್ಕೆ ಕುಕ್ಕುವುದಕ್ಕೆ ಹೆದರಬೇಡಿ, ಬುಟ್ಟಿಯನ್ನು ದಿನಾ ಒಣಗಿಸಿ ಇಡಿ. ನೆಲಕ್ಕೆ ಜಾರುವ ಕಾಗದ ಹಾಕಬೇಡಿ, ಕಾಲು ಸೊಟ್ಟ ಆಗುತ್ತದೆ. ಹೊಸ ಮರಿಗಳನ್ನು ಬಿಟ್ಟಾಗ ಮೊದಲ ಅರ್ಧ ದಿನ ನೀವು ಆ ಕೋಣೆಯಲ್ಲೇ ಇರಿ, ಆದರೆ ಬುಟ್ಟಿಗೆ ಕೈ ಹಾಕಬೇಡಿ. ಕೈ ಕಂಡರೆ ಅದು ಜೊತೆಯವರನ್ನು ಬಿಟ್ಟು ಕೈಗೇ ಬರುತ್ತದೆ.

ಮೊದಲಮರಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಉತ್ತರ ಕೊಟ್ಟವರಿಗೆ ತಿಳಿಸದೆ ಇರಲು ಮನಸ್ಸಾಗಲಿಲ್ಲ.

ಎರಡು ಮರಿ ತಂದೆ. ಮೊದಲ ದಿನ ನಮ್ಮದು ಮೂಲೆಯಲ್ಲಿ ನಿಂತು ಅವನ್ನು ನೋಡಿ ಕೂಗಿತು, ಅವು ಹತ್ತಿರ ಬಂದರೆ ಓಡಿತು. ಎತ್ತಿಕೊಳ್ಳದೆ ಇರುವುದು ನನಗೇ ಕಷ್ಟ ಆಯಿತು. ರಾತ್ರಿ ಬಲ್ಬಿನ ಕೆಳಗೆ ಮೂರೂ ಒಂದೇ ಕಡೆ ಸೇರಲೇಬೇಕಾಯಿತು, ಬೆಳಿಗ್ಗೆ ನೋಡಿದರೆ ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ. ನಾಲ್ಕನೇ ದಿನಕ್ಕೆ ಅವು ಓಡಿದ ಕಡೆ ಇದೂ ಓಡತೊಡಗಿತು.

ಈಗಲೂ ನನ್ನ ದನಿ ಕೇಳಿದರೆ ಓಡಿ ಬರುತ್ತದೆ, ಪಾದದ ಮೇಲೆ ಒಂದು ಕ್ಷಣ ಕೂರುತ್ತದೆ. ಆಮೇಲೆ ಅವು ಕೂಗಿದರೆ ಎದ್ದು ಹೋಗುತ್ತದೆ. ಮೊನ್ನೆ ಒಣ ಮಣ್ಣು ಇರುವಲ್ಲಿ ಬಿಟ್ಟಿದ್ದೆ. ನಮ್ಮದೇ ಮೊದಲು ಅಡ್ಡ ಬಿದ್ದು, ರೆಕ್ಕೆ ಬಡಿದು, ಮೈಮೇಲೆ ಮಣ್ಣು ಎರಚಿಕೊಂಡು ಹೊರಳಾಡಿತು. ಅದಕ್ಕೆ ಅದನ್ನು ತೋರಿಸಿದವರು ಯಾರೂ ಇಲ್ಲ, ನಾನಂತೂ ಅಲ್ಲ!

ಹಕ್ಕಿನೋಟ:

ಅದನ್ನು ತೋರಿಸಲೇಬೇಕಾಗಿಲ್ಲ. ಮಣ್ಣೇ ಇಲ್ಲದ ಬರಿಯ ತಂತಿ ನೆಲದ ಮೇಲೆ ಬೆಳೆದ ಕೋಳಿಗಳೂ ಆ ತಂತಿಯ ಮೇಲೇ ಅಡ್ಡ ಬಿದ್ದು, ಇಲ್ಲದ ಮಣ್ಣನ್ನು ಮೈಗೆ ಎರಚಿಕೊಳ್ಳುತ್ತವೆ. ಹೊರಳುವುದು ಹುಟ್ಟಿನಿಂದ ಬಂದಿದೆ, ಯಾವ ಮಣ್ಣು ಚೆನ್ನ ಅನ್ನುವುದನ್ನು ಇನ್ನು ಮೇಲೆ ಕಲಿಯುತ್ತದೆ. ದಿನಾ ಸ್ವಲ್ಪ ಹೊತ್ತು ಬಿಡಿ. ಹುಂಜವೋ ಹೇಟೆಯೋ ಗೊತ್ತಾದ ಮೇಲೆ ಒಂದು ಸಾಲು ಬರೆಯಿರಿ, ಮಣ್ಣುಕೆದರು ಅವರೂ ಕಾಯುತ್ತಿರುತ್ತಾರೆ.